ಪುರ್ಸಜ್ಜನ ಚಿರೆಕಲ್ಲಿನ ಅಚ್ಚು

ಬಹಳ ಹಿಂದೆ, ನಮ್ಮ ಅಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ, ಹೊಳೆ ಸಮುದ್ರ ಸೇರುವಲ್ಲಿ ಅಳಿವೆಕೊಪ್ಪ ಅಂತ ಒಂದು ಊರಿತ್ತಂತೆ. ಊರು ಈಗಲೂ ಇದೆ, ಆದರೆ ಆಗಿನ ಊರೇ ಬೇರೆ. ಸೇತುವೆ ಇರಲಿಲ್ಲ, ಕಲ್ಲಿನ ದಂಡೆ ಇರಲಿಲ್ಲ. ನೀರು ಇಳಿಯಿತೆಂದರೆ ಊರಿನ ಮುಂದೆ ಕಣ್ಣು ಹಾಯುವಷ್ಟು ದೂರ ಕೆಸರು. ಕೆಸರಿನ ಆಚೆ ಒಂದು ಮರಳದಿಬ್ಬ. ಆ ದಿಬ್ಬದ ತುಂಬ ಬಳಚು ಅನ್ನುವ ಚಿಪ್ಪುಮೀನು. ಈಗಿನ ಹಾಗೆ ಉಗುರಿನಷ್ಟು ಬಳಚಲ್ಲ, ಆ ಚಿಪ್ಪಿನಲ್ಲಿ ಮಗುವಿಗೆ ಗಂಜಿ ಕುಡಿಸಬಹುದಿತ್ತು ಅಂತಾರೆ.

ನೀರು ಇಳಿದಾಗ ಹೆಂಗಸರು ಬುಟ್ಟಿ ಹೊತ್ತು ಕೆಸರು ದಾಟಿ ದಿಬ್ಬಕ್ಕೆ ಹೋಗುತ್ತಿದ್ದರು. ನೀರು ಏರುವ ಮೊದಲು ವಾಪಸು ಬರಬೇಕು. ಬರುವಾಗ ಬುಟ್ಟಿ ತುಂಬಿರುತ್ತದೆ, ಕಾಲು ಮೊಣಕಾಲ ತನಕ ಹೂತು ಹೋಗುತ್ತದೆ. ಒಂದು ಕಾಲು ಕಿತ್ತರೆ ಇನ್ನೊಂದು ಇಳಿಯುತ್ತದೆ. ಆ ಕಾಲದ ಅಳಿವೆಕೊಪ್ಪದ ಹೆಂಗಸರ ನಡಿಗೆ ನೋಡಿಯೇ ಇವಳು ಯಾವ ಊರಿನವಳು ಅಂತ ಹೇಳುತ್ತಿದ್ದರಂತೆ.

ಆ ಊರಿನಲ್ಲಿ ಪುರ್ಸ ಅಂತ ಒಬ್ಬ ದೋಣಿ ಕಟ್ಟುವವನಿದ್ದ. ಕಡಿಮೆ ಮಾತಿನವನು. ಹಲಗೆಯ ಮೇಲೆ ಅಂಗೈ ಇಟ್ಟು ಅದರ ಒಳಗಿನ ಗಂಟು ಎಲ್ಲಿದೆ ಅಂತ ಹೇಳುತ್ತಿದ್ದನಂತೆ. ಅವನು ಕಟ್ಟಿದ ದೋಣಿಗೆ ನೀರು ಒಸರಿದ್ದನ್ನು ಯಾರೂ ಕಂಡಿಲ್ಲವಂತೆ.

ಒಂದು ದಿನ ಬೀರಮ್ಮನ ಮಗಳು ನಾಗು ದಿಬ್ಬದಿಂದ ಬರುವಾಗ ದಾರಿ ತಪ್ಪಿ ತಗ್ಗಿಗೆ ಕಾಲಿಟ್ಟಳು. ತೊಡೆಯ ತನಕ ಇಳಿದಳು. ಜೊತೆಯವರು ಮುಂದೆ ಬಂದಾಗಿತ್ತು. ದಡದಲ್ಲಿ ಊರೆಲ್ಲ ಕೂಡಿತು. ಹಗ್ಗ ಎಸೆದರು, ಮುಟ್ಟಲಿಲ್ಲ. ಒಬ್ಬ ಕೆಸರಿಗೆ ಹಾರಿದ, ಅವನೂ ಸೊಂಟದ ತನಕ ಹೂತ, ಅವನನ್ನೇ ಎಳೆದು ತೆಗೆಯಬೇಕಾಯಿತು. ಪುರ್ಸನ ದೋಣಿ ಅಲ್ಲೇ ಇತ್ತು, ಆದರೆ ಏರಿನಲ್ಲಿ, ಒಣ ಕೆಸರಿನ ಮೇಲೆ. ನೂಕಿದರೆ ಅಲುಗಲಿಲ್ಲ. ನೀರು ಬರಲಿ, ತೇಲಲಿ ಅಂತ ಪುರ್ಸ ದೋಣಿಯ ಅಂಚು ಹಿಡಿದು ನಿಂತ. ನೀರು ಬಂತು. ಮೊದಲು ತಗ್ಗಿಗೆ ಬಂತು. ದೋಣಿ ತೇಲುವಷ್ಟು ನೀರು ಏರಿಗೆ ಬರುವ ಹೊತ್ತಿಗೆ ತಗ್ಗಿನಲ್ಲಿ ನಾಗು ಇರಲಿಲ್ಲ.

ಹೆಣ ಸಿಕ್ಕ ಮೇಲೆ ಬೀರಮ್ಮ ಪುರ್ಸನ ಮುಂದೆ ಬಂದು ನಿಂತಳಂತೆ. ಬೈಯಲಿಲ್ಲ, ಅಳಲಿಲ್ಲ.

“ನೀ ದೋಣಿ ಹಿಡ್ಕಂಡು ನಿಂತಿದ್ದೆ, ಪುರ್ಸಾ,” ಅಂದಳು.

ಅಷ್ಟೇ. ಆಮೇಲೆ ಅವಳು ಅವನ ಜೊತೆ ಮಾತಾಡಲಿಲ್ಲ. ಎದುರು ಬಂದರೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಿದ್ದಳು.

ಪುರ್ಸ ಆ ಮಾತನ್ನು ಮರೆಯಲಿಲ್ಲ. ಕಟ್ಟುತ್ತಿದ್ದ ದೋಣಿಯನ್ನು ಅರ್ಧಕ್ಕೆ ಬಿಟ್ಟ. ದೋಣಿ ಇರುವುದು ನೀರಿಗೆ, ನೀರಿಲ್ಲದಾಗ ಹೋಗುವಂಥದ್ದು ಏನಾದರೂ ಬೇಕಲ್ಲ ಅಂತ ಕೆಸರಿನ ಅಂಚಿನಲ್ಲಿ ಕೂತೇ ಇರುತ್ತಿದ್ದನಂತೆ. ಕೊನೆಗೆ ಎರಡು ಉದ್ದದ ಹಲಗೆ ಸೀಳಿ, ಹುರಿಹಗ್ಗದಿಂದ ಕಾಲಿಗೆ ಕಟ್ಟಿಕೊಂಡು, ಕೈಯಲ್ಲಿ ಎರಡು ಬಿದಿರು ಹಿಡಿದು ಕೆಸರಿಗೆ ಇಳಿದ. ಹೂಳಲಿಲ್ಲ. ಮುಂದಕ್ಕೆ ಜಾರಿದ. ನಾಲ್ಕು ಮಾರು ಹೋಗುವುದರೊಳಗೆ ಹಲಗೆಯ ಮೂತಿ ಕೆಸರಿಗೆ ಚುಚ್ಚಿ ಮಕಾಡೆ ಬಿದ್ದ. ದಡದಲ್ಲಿದ್ದವರು ನಕ್ಕರು.

ಹಲಗೆಯ ಮೂತಿ ಮೇಲಕ್ಕೆ ಬಾಗಿರಬೇಕು ಅಂತ ಅವನಿಗೆ ಗೊತ್ತಾಯಿತು. ಬಾಗಿದ ಹಾಗೆ ಮರ ಕೆತ್ತಿದರೆ ಬಾಗಿದಲ್ಲೇ ಮುರಿಯುತ್ತಿತ್ತು. ಆವಿಯಲ್ಲಿ ಬೇಯಿಸಿ ಬಗ್ಗಿಸಬೇಕು. ಬಗ್ಗಿಸಿದ ಹಲಗೆಯನ್ನು ಒಣಗುವ ತನಕ ಒಂದು ಅಚ್ಚಿಗೆ ಬಿಗಿದು ಕಟ್ಟಬೇಕು. ಆ ಅಚ್ಚು ಯಾವುದರಲ್ಲಿ ಮಾಡುವುದು? ಮರ ಬಗ್ಗಿಸುವುದು ಅವನಿಗೆ ಕಷ್ಟವಾಗಲಿಲ್ಲ. ಅಚ್ಚೇ ಅವನ ಜೀವ ತಿಂದಿತು.

ಮೊದಲು ಮಾವಿನ ಮರದಲ್ಲಿ ಮಾಡಿದ. ಕೈಗೆ ಹತ್ತಿರದ್ದು, ಕೆತ್ತಲು ಸುಲಭ. ಭತ್ತ ಬೇಯಿಸುವ ಹಂಡೆಯ ಮೇಲೆ ಹೆಬ್ಬಲಸಿನ ಹಲಗೆಯ ತುದಿ ಇಟ್ಟು, ಗೋಣಿ ಮುಚ್ಚಿ ಬೇಯಿಸಿ, ಬಿಸಿಯಿದ್ದಾಗಲೇ ಅಚ್ಚಿಗೆ ಬಗ್ಗಿಸಿ, ಬೆಣೆ ಹೊಡೆದು ಬಿಗಿದ. ಮೊದಲ ಹಲಗೆ ಚೆನ್ನಾಗಿ ಬಂತು. ಆದರೆ ಬಿಸಿ, ಒದ್ದೆ ತಾಗಿ ಮಾವಿನ ಮರ ಮೆತ್ತಗಾಗಿತ್ತು. ಬೆಣೆಯ ಒತ್ತಿಗೆ ಅದರ ಬೆನ್ನು ಜಗ್ಗಿತು. ಎರಡನೆಯ ಹಲಗೆ ಬಗ್ಗಿದ್ದು ಬೇರೆ ಬಾಗಿಗೆ. ಕಾಲಿಗೆ ಕಟ್ಟಿದರೆ ಒಂದು ಕಾಲು ಬಡಗಣಕ್ಕೆ, ಒಂದು ಕಾಲು ತೆಂಕಣಕ್ಕೆ. ಬೇರೆ ಬೇರೆ ಮರದಲ್ಲಿ ಮಾಡಿ ನೋಡಿದ. ಒಂದು ಸೀಳಿತು, ಒಂದು ತಿರುಚಿತು. ಮನೆಯ ಹಿಂದೆ ಹಾಳಾದ ಹಲಗೆಗಳ ರಾಶಿ ಬೆಳೆಯಿತು. ಅವನ ಹೆಂಡತಿ ಮಂಕಾಳಿ ಅದನ್ನೇ ಒಲೆಗೆ ಹಾಕಿ ಅನ್ನ ಬೇಯಿಸುತ್ತಿದ್ದಳಂತೆ.

ಆಮೇಲೆ ಕರಿಕಲ್ಲು ತಂದ. ಅದನ್ನು ಕಡೆದು ಬಾಗು ತರುವುದರಲ್ಲಿ ಅವನ ಉಳಿಗಳೆಲ್ಲ ಮೊಂಡಾದವು. ಕಲ್ಲು ಜಗ್ಗಲಿಲ್ಲ, ನಿಜ. ಆದರೆ ಬೆಂದ ಹಲಗೆ ಮುಟ್ಟಿದ ಕೂಡಲೇ ಆ ತಣ್ಣನೆಯ ಕಲ್ಲು ಬಿಸಿಯನ್ನೆಲ್ಲ ಎಳೆದುಕೊಂಡಿತು. ಹಲಗೆ ಬಾಗುವ ಮೊದಲೇ ಚಟ್ ಅಂತ ಸೀಳಿತು. ಕುಂಬಾರನ ಹತ್ತಿರ ಸುಟ್ಟ ಮಣ್ಣಿನ ಅಚ್ಚೂ ಮಾಡಿಸಿದ, ಅದು ಮೊದಲ ಬೆಣೆಗೇ ಚೂರಾಯಿತು.

ಊರಿನವರು ಇವನಿಗೆ ತಲೆ ಕೆಟ್ಟಿದೆ ಅಂದರು. ಪುರ್ಸನಿಗೂ ಹಾಗೇ ಅನಿಸತೊಡಗಿತ್ತಂತೆ. ಒಂದು ಸಂಜೆ ಅವನು ಉಳಿ ಬಾಚಿಗಳನ್ನು ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಲು ಹೊರಟ. ಮಂಕಾಳಿ ಒಲೆಯ ಮುಂದೆ ಕೂತಿದ್ದಳು.

“ಮೇಲಿನಕೇರಿಯಲ್ಲಿ ಬಾವಿ ತೋಡ್ತಾ ಇದ್ರು. ಚಿರೆಕಲ್ಲು ಬಿದ್ದದೆ,” ಅಂದಳು.

“ಬಿದ್ರೆ ನಾ ಎಂತ ಮಾಡ್ಲಿ?”

“ಮಣ್ಣಿಂದ ತೆಗೆದಾಗ ಅದು ಬೆಲ್ಲದ ಹಾಂಗೆ ಇರ್ತದೆ, ಬಾಚಿಯಲ್ಲೇ ಕೆತ್ತಬಹುದು. ಗಾಳಿ ಬಿಸಿಲು ಕಂಡ ಮೇಲೆ ಗಟ್ಟಿ. ಮೈಯೆಲ್ಲ ತೂತು, ನೀರು ಹೊಯ್ದರೆ ಕುಡೀತದೆ. ನಮ್ಮ ಮನೆ ಗೋಡೆಯೂ ಅದೇ ಕಲ್ಲು, ದಿನಾ ಕಾಣ್ತೀರಿ, ಅಷ್ಟೂ ತಿಳೀಲಿಲ್ವಾ?”

ಪುರ್ಸ ಗೋಣಿಯನ್ನು ಅಲ್ಲೇ ಇಳಿಸಿದ. ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟು ಬಹಳ ಹೊತ್ತು ನಿಂತನಂತೆ.

ಬಾವಿಯಿಂದ ಆಗಷ್ಟೇ ತೆಗೆದ ಒಂದು ದೊಡ್ಡ ಚಿರೆಕಲ್ಲನ್ನು ಗಂಡ ಹೆಂಡತಿ ಇಬ್ಬರೂ ಉರುಳಿಸಿಕೊಂಡು ಬಂದರು. ಹಸಿಯಿದ್ದಾಗಲೇ ಅದಕ್ಕೆ ಬಾಗು ಕೊಟ್ಟ. ಬೇಕಾದ ಬಾಗಿಗಿಂತ ತುಸು ಹೆಚ್ಚೇ ಕೊಟ್ಟ, ಯಾಕೆಂದರೆ ಕಟ್ಟು ಬಿಚ್ಚಿದ ಮೇಲೆ ಮರ ತುಸು ಹಿಂದಕ್ಕೆ ಬರುತ್ತದೆ. ಒಂದು ಬೇಸಿಗೆ, ಒಂದು ಮಳೆಗಾಲ ಆ ಕಲ್ಲನ್ನು ಅಂಗಳದಲ್ಲಿ ಹಾಗೇ ಬಿಟ್ಟ. ಕಲ್ಲು ಗಟ್ಟಿಯಾಯಿತು. ಹಲಗೆ ಬಗ್ಗಿಸುವ ದಿನ ಅದರ ಸುತ್ತ ತೆಂಗಿನ ಸಿಪ್ಪೆ ಉರಿಸಿ ಬೆಚ್ಚಗೆ ಮಾಡಿಕೊಂಡ. ಬೆಂದ ಹಲಗೆ ಕಲ್ಲಿಗೆ ಒರಗಿತು, ಬಾಗಿತು, ಸೀಳಲಿಲ್ಲ. ಮರದ ಒದ್ದೆಯನ್ನೆಲ್ಲ ಕಲ್ಲು ತನ್ನ ತೂತುಗಳಲ್ಲಿ ಕುಡಿಯಿತು. ಬಿಚ್ಚಿ ನೋಡಿದರೆ ಎರಡು ಹಲಗೆಗಳೂ ಒಂದೇ ತಾಯಿಯ ಮಕ್ಕಳ ಹಾಗಿದ್ದವಂತೆ.

ಕೆಸರಿನ ಮೇಲೆ ಪುರ್ಸ ಜಾರಿದ್ದನ್ನು ಕಂಡವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಾರುವ ಕೊಕ್ಕರೆಯೂ ಅವನಿಗಿಂತ ಹಿಂದೆ ಬಿತ್ತು ಅಂತಾರೆ. ಹೋದ ಗುರುತೇ ಇರಲಿಲ್ಲ ಅಂತಾರೆ. ಅಷ್ಟು ಇರಲಿಕ್ಕಿಲ್ಲ. ಆದರೆ ಅವನು ದಿಬ್ಬಕ್ಕೆ ಹೋಗಿ, ಮೊಣಕಾಲು ಕೆಸರಾಗದೆ ತಿರುಗಿ ಬಂದ. ಅದು ಸುಳ್ಳಲ್ಲ.

ಮುಂದಿನ ಚಳಿಗಾಲದ ಒಂದು ಬೆಳಿಗ್ಗೆ, ಮಂಜು ಮುಸುಕಿದ್ದಾಗ, ಬೀರಮ್ಮ ಒಬ್ಬಳೇ ದಿಬ್ಬಕ್ಕೆ ಹೋಗಿದ್ದಳು. ನೀರು ತಿರುಗುವ ಹೊತ್ತಾದರೂ ಬರಲಿಲ್ಲ. ಪುರ್ಸ ಹಲಗೆ ಕಟ್ಟಿಕೊಂಡು ಮಂಜಿನೊಳಗೆ ಹೋದ. ಮಗಳು ಹೋದ ಅದೇ ತಗ್ಗಿನಲ್ಲಿ ಅವಳು ಹೂತು ನಿಂತಿದ್ದಳು. ನೀರು ಆಗಲೇ ಅವಳ ಸುತ್ತ ಬಂದಿತ್ತು. ಅವಳು ಕೂಗಿರಲಿಲ್ಲ.

“ನೀ ಹೋಗು. ನಾ ಮಗಳ ಹತ್ರ ಹೋಗ್ತೆ,” ಅಂದಳು. ಅಷ್ಟು ಕಾಲದ ಮೇಲೆ ಅವನಿಗೆ ಆಡಿದ ಮೊದಲ ಮಾತು.

“ದೊಡ್ಡಮ್ಮ, ಅವತ್ತು ನಾ ನಿಂತಿದ್ದೆ. ಇವತ್ತು ನಿಲ್ಲೂದಿಲ್ಲ. ನೀ ಬರೂದಿಲ್ಲ ಅಂದ್ರೆ ನಾನೂ ಇಲ್ಲೇ.”

ಹೀಗಂದು ಅವನು ಒಂದು ಹಲಗೆ ಬಿಚ್ಚಿ ಅವಳ ಎದೆಯ ಮುಂದೆ ಇಟ್ಟ. ಇನ್ನೊಂದರ ಮೇಲೆ ಮೊಣಕಾಲೂರಿ, ಅವಳ ಕಾಲಿನ ಸುತ್ತ ಕೈಯಿಂದ ಕೆಸರು ತೋಡತೊಡಗಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳಂತೆ. ಬಗ್ಗಿ ತೋಡುತ್ತಿದ್ದವನ ಗದ್ದಕ್ಕೆ ನೀರು ಮುಟ್ಟಿತು. ಆಮೇಲೆ ಏನನಿಸಿತೋ, ಅವಳು ಹಲಗೆಯ ಮೇಲೆ ಎದೆ ಕೊಟ್ಟು ಮಲಗಿದಳು. ನೀರು ಹೊಕ್ಕು ಕೆಸರು ಸಡಿಲಾಗಿತ್ತು. ಕಾಲು ಬಂತು. ಪುರ್ಸ ಒಂದು ಕಾಲಿನಿಂದ ಮೀಟುತ್ತ, ಅವಳ ಹಲಗೆಯನ್ನು ಎಳೆಯುತ್ತ ದಡ ಮುಟ್ಟಿದ. ಬಾಗಿದ ಮೂತಿಗಳು ಒಮ್ಮೆಯೂ ಕೆಸರಿಗೆ ಇಳಿಯಲಿಲ್ಲವಂತೆ.

ಮಾರನೆಯ ದಿನ ಬೀರಮ್ಮ ಅವನ ಅಂಗಳಕ್ಕೆ ಬಂದಳು. ಅಚ್ಚಿನ ಕಲ್ಲನ್ನು ಸುತ್ತಿ ನೋಡಿ, ಮುಟ್ಟಿ ನೋಡಿ, “ನಂಗೂ ಒಂದು ಜೊತೆ ಮಾಡ್ಕೊಡು. ಇಷ್ಟುದ್ದ ಬೇಡ, ನಾ ಗಿಡ್ಡ,” ಅಂದಳು. ಮಂಕಾಳಿ ಒಳಗಿನಿಂದ ಮಣೆ ತಂದಿಟ್ಟಳು. ಬೀರಮ್ಮ ಕೂತಳು.

ಆಮೇಲೆ ಊರಿಗೆಲ್ಲ ಹಲಗೆ ಬಂತು. ಪುರ್ಸ ಅಚ್ಚಿಗೆ ಬೇಲಿ ಹಾಕಲಿಲ್ಲ. ಯಾರು ಬೇಕಾದರೂ ಬಂದು ಬಗ್ಗಿಸಿಕೊಳ್ಳಬಹುದಿತ್ತು. ಮುದುಕನಾದ ಮೇಲೆ ಅವನು ಹೊಸ್ತಿಲಲ್ಲಿ ಕೂತು, ದಿಬ್ಬದಿಂದ ಬಂದವರನ್ನೆಲ್ಲ ಎಲ್ಲರೂ ಬಂದಿರಾ ಅಂತ ಕೇಳುತ್ತಿದ್ದನಂತೆ. ಕೊನೆಗೆ ಒಂದು ದಿನ ಮಂಜಿನಲ್ಲಿ ಜಾರುತ್ತ ಹೋದವನು ಬರಲೇ ಇಲ್ಲ ಅಂತ ಕೆಲವರು ಹೇಳುತ್ತಾರೆ. ಮಂಕಾಳಿಯ ಕಡೆಯವರು ಮಾತ್ರ, ಇಲ್ಲ, ಚಾಪೆಯ ಮೇಲೆ ಮಲಗಿದ್ದಾಗಲೇ ಅದನ್ನೇ ಕೇಳಿ, ಮನೆಯವರು ಹೌದು ಅಂದ ಮೇಲೆ ಕಣ್ಣು ಮುಚ್ಚಿದ ಅಂತಾರೆ.

ಈಗಲೂ ಅಳಿವೆಕೊಪ್ಪದಲ್ಲಿ ಬಳಚಿಗೆ ಹೋದವರ ಪೈಕಿ ಕೊನೆಗೆ ದಡ ಹತ್ತಿದವಳು ಹಾಗೇ ಮನೆಗೆ ಹೋಗುವುದಿಲ್ಲ. ಹಲಗೆ ತೊಳೆದು ನಿಲ್ಲಿಸಿ, ಕೆಸರಿನ ಕಡೆ ಒಮ್ಮೆ ತಿರುಗಿ, “ಎಲ್ಲ ಬಂದ್ವು, ಪುರ್ಸಜ್ಜಾ,” ಅನ್ನುತ್ತಾಳೆ. ಆಮೇಲೆಯೇ ಮಿಕ್ಕವರು ಬುಟ್ಟಿ ಎತ್ತುತ್ತಾರೆ.