ದೊರ್ಕಮ್ಮನ ಹನ್ನೆರಡು ನೆರಿಗೆ

ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಿ ಮಕ್ಕಳೇ. ಮೂಗು ಒರೆಸಿಕೊಳ್ಳಿ. ಕಥೆ ಶುರುವಾದ ಮೇಲೆ ಯಾರೂ ಎದ್ದು ಓಡಾಡಬಾರದು.

ಹೊಳೆಸಾಲು ಎಂಬ ಒಂದು ರಾಜ್ಯವಿತ್ತು. ಅಲ್ಲೊಂದು ಪುಟ್ಟ ದೇವಾಲಯ. ಅದರ ಮುಂದೆ ಕಲ್ಲು ಮೆಟ್ಟಿಲಿನ ಕೊಳ. ಅಲ್ಲಿ ಸೇರುತ್ತಿದ್ದವರು ಬ್ಯಾಪ್ಟಿಸ್ಟ್ ಸಭೆಯವರು. ಎಳೆಗೂಸಿನ ಹಣೆಗೆ ನೀರು ಚಿಮುಕಿಸುವ ಪದ್ಧತಿ ಅವರಲ್ಲಿಲ್ಲ. ಮನುಷ್ಯ ಬೆಳೆಯಬೇಕು, ತಾನೇ ನಂಬಬೇಕು, ನಂಬಿದ್ದನ್ನು ತಾನೇ ಬಾಯಿಬಿಟ್ಟು ಹೇಳಬೇಕು. ಆಮೇಲೆ ಬಿಳಿ ನಿಲುವಂಗಿ ತೊಟ್ಟು, ಕೊಳಕ್ಕಿಳಿದು, ಪೂರ್ತಿ ಮುಳುಗಿ ಏಳಬೇಕು. ಅದೇ ದೀಕ್ಷಾಸ್ನಾನ. ಹಾಗೆ ಮುಳುಗಿ ಎದ್ದವರೆಲ್ಲ ಸಮಾನರು. ಸಭೆಯಲ್ಲಿ ಏನೇ ತೀರ್ಮಾನವಾಗಬೇಕಾದರೂ ಕೈ ಎತ್ತಿಯೇ ಆಗಬೇಕು. ಸಾಹುಕಾರನದೂ ಒಂದೇ ಕೈ, ಕಸ ಗುಡಿಸುವವಳದೂ ಒಂದೇ ಕೈ.

ಆ ನಿಲುವಂಗಿಗಳನ್ನು ಒಗೆದು, ಗಂಜಿ ಹಾಕಿ, ಮಡಿಸಿ ಪೆಟ್ಟಿಗೆಯಲ್ಲಿಡುವುದು ದೊರ್ಕಮ್ಮನ ಕೆಲಸ. ಅವಳ ಅಜ್ಜಿ ಹೊಲಿದ ಅಂಗಿಗಳು ಅವು. ಒಂದೊಂದರ ಎದೆಯ ಮೇಲೂ ಹನ್ನೆರಡು ನೆರಿಗೆ. ಒಂದು ನೆರಿಗೆ ಓರೆಯಾದರೂ ದೊರ್ಕಮ್ಮನಿಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಕಾಲದಲ್ಲಿ ಸಭೆಯಲ್ಲಿ ಮುನ್ನೂರು ಜನರಿದ್ದರು. ಈಗ ಒಂಬತ್ತೇ ಜನ. ಏಳು ವರ್ಷಗಳಿಂದ ಒಂದು ಅಂಗಿಯೂ ಕೊಳದಲ್ಲಿ ನೆನೆದಿರಲಿಲ್ಲ. ಆದರೂ ದೊರ್ಕಮ್ಮ ವರ್ಷಕ್ಕೊಮ್ಮೆ ಎಲ್ಲವನ್ನೂ ಒಗೆದು ಒಣಗಿಸುತ್ತಿದ್ದಳು.

"ಯಾರೂ ತೊಡದ ಬಟ್ಟೆ ಯಾಕಮ್ಮ ಒಗೀತೀಯ?" ಎಂದು ನೆರೆಯವರು ನಗುತ್ತಿದ್ದರು.

"ತೊಡೋರು ಬಂದ ದಿನ ಮುಗ್ಗಲು ವಾಸನೆ ಬರಬಾರದು" ಎನ್ನುತ್ತಿದ್ದಳು ಅವಳು.

ಆ ಸಭೆಯ ಹಿರಿಯ ಗಮಲಿಯೇಲಪ್ಪ. ಬಟ್ಟೆಗೆ ಬಣ್ಣ ಹಾಕುವ ಕಸುಬಿನವನು. ಅವನ ಕೈ ಯಾವಾಗಲೂ ಮೊಣಕೈವರೆಗೆ ನೀಲಿ, ಅವನ ಕಣ್ಣು ಯಾವಾಗಲೂ ಕೊಳದ ಮೇಲೆ. ಎಂದೂ ಬತ್ತದ ನೀರು. ನೀಲಿ ನೆನೆಹಾಕಲು ಅಂಥ ಜಾಗ ಇನ್ನೊಂದಿಲ್ಲ. ಆದರೆ ಸಭೆ ಇರುವವರೆಗೂ ಕೊಳ ಸಭೆಯದೇ ಎಂದು ಹಿಂದಿನ ಅರಸರು ಬರೆದುಕೊಟ್ಟಿದ್ದರು. ಸಭೆಯವರೇ ಕೈ ಎತ್ತಿ ಬಾಗಿಲು ಮುಚ್ಚಿದರೆ ಮಾತ್ರ ಬೇರೆಯವರು ಆ ಕೊಳವನ್ನು ಅರಸರಲ್ಲಿ ಕೇಳಬಹುದಿತ್ತು. ಅದಕ್ಕೇ ಗಮಲಿಯೇಲಪ್ಪ ಸಭೆ ಸವೆಯಲಿ ಎಂದು ಕಾಯುತ್ತಿದ್ದ. ಹಿರಿಯನ ಒಪ್ಪಿಗೆಯಿಲ್ಲದೆ ಯಾರನ್ನೂ ಕೊಳಕ್ಕಿಳಿಸಬಾರದು ಎಂದು ಒಂದು ಕಟ್ಟಳೆಯನ್ನೂ ಮಾಡಿಟ್ಟಿದ್ದ. ಸಭಾಪಾಲಕರಾದ ಅಬ್ನೇರಯ್ಯನವರು ಮುದುಕರು, ಸಾಧು. ಅವರೂ ತಲೆಯಾಡಿಸಿ ಅದಕ್ಕೆ ಕೈ ಎತ್ತಿಬಿಟ್ಟಿದ್ದರು.

ಮೊದಲು ಅಂಬಿಗರು ಬಂದರು. ವರ್ಷವೆಲ್ಲ ಕಿಟಕಿಯ ಹೊರಗೆ ನಿಂತು ದೇವರ ವಾಕ್ಯ ಕೇಳಿದ್ದರು. ಅವರ ಮುಂದಾಳು ಬರಮ ಕಂಕುಳಲ್ಲಿ ತಮಟೆ ಹಿಡಿದಿದ್ದ. "ನಾವೂ ನಂಬೀವಿ ಸ್ವಾಮಿ. ನಮ್ಮನ್ನೂ ಮುಳುಗಿಸಿ."

"ತಮಟೆಯೋರಿಗೆ ಇಲ್ಲೇನು ಕೆಲಸ? ನೂರು ಹಳೆಯ ಕೀರ್ತನೆ ಬಾಯಿಪಾಠ ಮಾಡಿ ಬನ್ನಿ" ಎಂದ ಗಮಲಿಯೇಲಪ್ಪ.

ದೊರ್ಕಮ್ಮ ಮಾತಾಡಲಿಲ್ಲ. ತಮಟೆ ಎಂದರೆ ಅವಳಿಗೂ ತಲೆನೋವು.

ಎರಡನೆಯ ಸಲ ಬಳೆಗಾರರು ಬಂದರು. ನಾಲ್ಕು ಸೀಮೆ ತಿರುಗುವ ಜನ. ಅವರ ಮಾತಿನಲ್ಲಿ ನಾಲ್ಕು ಸೀಮೆಯ ನುಡಿಯೂ ಬೆರೆತಿತ್ತು.

"ಮೊದಲು ಮಾತು ತಿದ್ದಿಕೊಂಡು ಬನ್ನಿ" ಎಂದ ಗಮಲಿಯೇಲಪ್ಪ.

ದೊರ್ಕಮ್ಮ ಆಗಲೂ ಮಾತಾಡಲಿಲ್ಲ. ಒರಟು ಮಾತು ಅವಳಿಗೂ ಹಿಡಿಸದು.

ಮೂರನೆಯ ಸಲ ಕುಂಬಾರರು ಬಂದರು. ಮಣ್ಣು ತುಳಿದು ತುಳಿದು ಗಟ್ಟಿಯಾದ ಮೈ, ಬಾಗಿಲಗಲ ಭುಜ.

"ಅಯ್ಯೋ, ಈ ಮೈಗೆ ನಮ್ಮ ಅಂಗಿ ಹತ್ತುತ್ತದೆಯೇ? ಹನ್ನೆರಡು ನೆರಿಗೆಯ ಅಂಗಿ ಇಲ್ಲದೆ ದೀಕ್ಷಾಸ್ನಾನವಿಲ್ಲ. ಬೇಕಾದರೆ ನಮ್ಮ ದೊರ್ಕಮ್ಮನನ್ನೇ ಕೇಳಿ!" ಎಂದ ಗಮಲಿಯೇಲಪ್ಪ.

ಒಬ್ಬ ಕುಂಬಾರ ಮುದುಕಿ ದೊರ್ಕಮ್ಮನ ಕಡೆ ತಿರುಗಿದಳು. "ಹೌದೇನವ್ವ? ನಾವು ದೇವರ ಹತ್ರ ಹೋಗಾಕೆ ನಿನ್ನ ನೆರಿಗೆ ಅಡ್ಡಾನಾ?"

ದೊರ್ಕಮ್ಮನ ಮುಖ ಕೆಂಪೇರಿತು. ಮನೆಗೆ ಬಂದು ಪೆಟ್ಟಿಗೆ ತೆರೆದಳು. ಒಂದು ಅಂಗಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಕತ್ತರಿ ಎತ್ತಿದಳು, ಇಳಿಸಿದಳು. ಮತ್ತೆ ಎತ್ತಿದಳು. "ಅಜ್ಜಿ, ಕ್ಷಮಿಸು" ಎಂದು ಮೊದಲ ನೆರಿಗೆಯ ಹೊಲಿಗೆ ಬಿಚ್ಚಿದಳು.

ಏನಾಯಿತು ಗೊತ್ತೇ? ಅಂಗಿ ಎರಡು ಬೆರಳಗಲ ಹಿಗ್ಗಿತು. ಎರಡನೆಯದನ್ನು ಬಿಚ್ಚಿದಳು, ಇನ್ನೆರಡು ಬೆರಳು. ಹನ್ನೆರಡನ್ನೂ ಬಿಚ್ಚಿದಾಗ ಆ ಅಂಗಿಯೊಳಗೆ ಎಂಥ ಕುಂಬಾರನಾದರೂ ಆರಾಮವಾಗಿ ಕೈಬೀಸಬಹುದಿತ್ತು. ದೊರ್ಕಮ್ಮ ನಕ್ಕಳು, ಅತ್ತಳು, ಮತ್ತೆ ನಕ್ಕಳು. ಅಜ್ಜಿ ಅಂದಕ್ಕೆಂದು ನೆರಿಗೆ ಹಿಡಿದಿರಲಿಲ್ಲ. ಮುಂದೆ ಬರುವವರು ಎಂಥ ಮೈಯವರೋ ಏನೋ ಎಂದು ಬಟ್ಟೆಯನ್ನು ಒಳಗೇ ಉಳಿಸಿಟ್ಟಿದ್ದಳು!

ಮರುದಿನದಿಂದ ದೊರ್ಕಮ್ಮ ಅಳತೆಯ ದಾರ ಹಿಡಿದು ಹೊರಟಳು. ದೋಣಿಕಟ್ಟೆಗೆ ಹೋದಳು, ಬಳೆಗಾರರ ಓಣಿಗೆ ಹೋದಳು, ಕುಂಬಾರರು ಮಡಕೆ ಸುಡುವ ಆವಿಗೆಯ ಬಳಿಗೂ ಹೋದಳು. "ನೆಟ್ಟಗೆ ನಿಲ್ಲಪ್ಪ, ಹೊಟ್ಟೆ ಒಳಗೆ ಎಳೆದುಕೊಂಡು ನನಗೆ ಮೋಸ ಮಾಡಬೇಡ" ಎಂದು ಗದರುತ್ತ ಅಳೆದಳು. ಒಬ್ಬೊಬ್ಬರನ್ನೂ ಕೇಳಿದಳು: "ನಿನ್ನ ಮನಸ್ಸಿನಲ್ಲಿ ನಂಬಿಕೆ ಇದೆಯೋ, ಬರೀ ಅಂಗಿಯ ಆಸೆಯೋ?"

ಒಬ್ಬ ಅಂಬಿಗ ತಲೆ ಕೆರೆದುಕೊಂಡು, "ನನಗೆ ಮುಳುಗೋ ದಿನ ಹಾಕೋ ಊಟದ ಆಸೆ ಕಣವ್ವ" ಎಂದ.

"ನಿಜ ಹೇಳಿದೆ, ಸಂತೋಷ. ಊಟಕ್ಕೆ ಬಾ. ಅಂಗಿ ಇಲ್ಲೇ ಇರಲಿ" ಎಂದಳು.

ಅಂಗಿಗಳು ಸಿದ್ಧವಾದವು. ಆದರೆ ಹಿರಿಯನ ಒಪ್ಪಿಗೆ?

ಅಷ್ಟರಲ್ಲಿ ಗಮಲಿಯೇಲಪ್ಪ ಸಭೆ ಮುಚ್ಚುವ ಮಾತೆತ್ತಿದ. ಅವನು, ಅವನ ತಮ್ಮ, ಇಬ್ಬರು ಭಾವಮೈದುನರು ಸೇರಿ ನಾಲ್ಕು ಕೈ. ದೊರ್ಕಮ್ಮ, ಅಬ್ನೇರಯ್ಯನವರು, ಕೆಮ್ಮುವ ಮೂವರು ಅಜ್ಜಂದಿರು ಸೇರಿ ಐದು ಕೈ. ಆ ಒಂದು ಕೈಯ ಕೊರತೆ ನೀಗಲು ಅವನೊಂದು ಉಪಾಯ ಹೂಡಿದ.

"ನಮ್ಮ ಭಕ್ತಿ ತಣ್ಣಗಾಗಿದೆ" ಎಂದ ಗಮಲಿಯೇಲಪ್ಪ. "ಪುಷ್ಯ ಮಾಸದ ಮೊದಲ ಭಾನುವಾರ ಬೆಳಿಗ್ಗೆ ಅರಸರ ಎದುರಿಗೇ ತೀರ್ಮಾನವಾಗಲಿ. ಅಂದು ಬಿಳಿ ಅಂಗಿ ತೊಟ್ಟು, ತನ್ನ ನಂಬಿಕೆ ಹೇಳಿ, ಅಯ್ಯನವರ ಕೈಯಿಂದ ಕೊಳದಲ್ಲಿ ಮುಳುಗಿ ಎದ್ದವರಿಗೆ ಮಾತ್ರ ಕೈ ಎತ್ತುವ ಹಕ್ಕು!" ಕೆಮ್ಮುವ ಅಜ್ಜಂದಿರು ಆ ಚಳಿಯಲ್ಲಿ ನೀರಿಗಿಳಿಯುವುದುಂಟೇ ಎಂದು ಒಳಗೊಳಗೇ ಹಿಗ್ಗಿದ.

ದೊರ್ಕಮ್ಮ ಎದ್ದು ನಿಂತಳು. "ಹಿರಿಯರೇ, ಹಾಗೆ ಮುಳುಗಿ ಎದ್ದವರು ಯಾರೇ ಆದರೂ ಸರಿಯೇ?"

"ಯಾರೇ ಆದರೂ ಸರಿ!"

"ನಿಮ್ಮ ಒಪ್ಪಿಗೆ ಬೇರೆ ಬೇಕೇ?"

"ಆ ತಣ್ಣೀರೇ ಒಪ್ಪಿಗೆ ಕಣಮ್ಮ!"

"ಬರೆದು ಕೊಡುವಿರಾ?"

"ಬರೆದು ಅರಸರ ಕೈಗೇ ಕೊಡುತ್ತೇನೆ!" ಎಂದು ಅಲ್ಲಿಯೇ ಬರೆದ. ನೀಲಿ ಹೆಬ್ಬೆಟ್ಟಿನ ಗುರುತು ಕಾಗದದ ಮೇಲೆ ಚೆನ್ನಾಗಿ ಮೂಡಿತು. ಈ ಮಾತಿಗೆ ಎಲ್ಲರಿಗಿಂತ ಮೊದಲು ಕೈ ಎತ್ತಿ ಒಪ್ಪಿದವಳು ದೊರ್ಕಮ್ಮ.

ಆ ಭಾನುವಾರ ಬಂತು. ಅರಸರು ಕಂಬಳಿ ಹೊದ್ದು ಮೆಟ್ಟಿಲ ಮೇಲೆ ಕುಳಿತರು. ಗಮಲಿಯೇಲಪ್ಪನೂ ಅವನ ಕಡೆಯವರೂ ಸೇರಿ ನಾಲ್ವರೂ ಹಲ್ಲು ಕಟಕಟ ಎನ್ನಿಸುತ್ತ ಮುಳುಗಿ ಎದ್ದರು. ದೊರ್ಕಮ್ಮನೂ ಮುಳುಗಿ ಎದ್ದಳು. ಅಬ್ನೇರಯ್ಯನವರು ತಾವೂ ಒಮ್ಮೆ ಮುಳುಗಿ ಎದ್ದು ನೀರಿನಲ್ಲೇ ನಿಂತಿದ್ದರು.

"ನಾಲ್ಕಕ್ಕೆ ಎರಡು! ಮುಗಿಯಿತಲ್ಲ ಪ್ರಭು?" ಎಂದ ಗಮಲಿಯೇಲಪ್ಪ.

"ಇನ್ನೂ ಬಿಸಿಲೇ ಏರಿಲ್ಲ ಹಿರಿಯರೇ, ಸ್ವಲ್ಪ ತಾಳಿ" ಎಂದಳು ದೊರ್ಕಮ್ಮ.

ಆಗ ತಮಟೆ ಕೇಳಿಸಿತು. ದೊರ್ಕಮ್ಮನ ಕಿವಿಗೆ ಅಂದು ಅದು ಎಷ್ಟು ಇಂಪಾಗಿತ್ತೆಂದರೆ, ಅವಳ ಕಾಲೇ ತಾಳ ಹಾಕಿತು. ಬಿಳಿ ಅಂಗಿಯ ಅಂಬಿಗರು ಬಂದರು. ಬಿಳಿ ಅಂಗಿಯ ಬಳೆಗಾರರು ಬಂದರು. ಬಿಳಿ ಅಂಗಿಯ ಕುಂಬಾರರು ಬಂದರು. ಅವರ ಹೆಗಲ ಮೇಲೆ ಮೂರು ಮಂಚ, ಮಂಚದ ಮೇಲೆ ಆ ಮೂವರು ಅಜ್ಜಂದಿರು!

"ಇವರು ಹೊರಗಿನವರು!" ಎಂದು ಕಿರುಚಿದ ಗಮಲಿಯೇಲಪ್ಪ.

ಅರಸರು ಕಾಗದ ಬಿಡಿಸಿದರು. "ಯಾರೇ ಆದರೂ ಸರಿ ಎಂದು ಬರೆದಿದೆ. ಈ ನೀಲಿ ಹೆಬ್ಬೆಟ್ಟು ಯಾರದಪ್ಪ?"

ಗಮಲಿಯೇಲಪ್ಪ ಕೈ ಬೆನ್ನ ಹಿಂದೆ ಅಡಗಿಸಿಕೊಂಡ.

ಒಬ್ಬೊಬ್ಬರೂ ನೀರಿಗಿಳಿದರು. ತಮಗೆ ಬಂದ ಮಾತಿನಲ್ಲೇ ತಮ್ಮ ನಂಬಿಕೆ ಹೇಳಿದರು. ಅಬ್ನೇರಯ್ಯನವರು ಏಳು ವರ್ಷದ ಬಾಕಿಯನ್ನೆಲ್ಲ ತೀರಿಸುವವರಂತೆ ಮುಳುಗಿಸಿದರು, ಎಬ್ಬಿಸಿದರು. ಅಜ್ಜಂದಿರ ಸರದಿ ಬಂದಾಗ ಕುಂಬಾರರು ಹಂಡೆ ಹಂಡೆ ಬಿಸಿನೀರು ತಂದು ಅವರ ಸುತ್ತ ಸುರಿದರು. ಒಬ್ಬ ಅಜ್ಜ, "ಇನ್ನೊಂದು ಸಲ ಮುಳುಗಲೇ?" ಎಂದು ಕೇಳಿದ.

"ಸಭೆ ಮುಚ್ಚಲಿ ಎನ್ನುವವರು?" ಎಂದರು ಅರಸರು. ನಾಲ್ಕು ಕೈ ಎದ್ದವು. ಇಬ್ಬರು ಭಾವಮೈದುನರು ಸುತ್ತ ನೋಡಿ ಮೆಲ್ಲಗೆ ಕೈ ಇಳಿಸಿದರು.

"ತೆರೆದಿರಲಿ ಎನ್ನುವವರು?"

ನೂರಾರು ಒದ್ದೆ ತೋಳು ಒಟ್ಟಿಗೆ ಮೇಲೆದ್ದವು. ತೋಳಿನಿಂದ ಸುರಿದ ನೀರಿಗೆ ಅರಸರ ಕಂಬಳಿಯೂ ತೊಯ್ದುಹೋಯಿತು. ಅರಸರು ಗಟ್ಟಿಯಾಗಿ ನಕ್ಕರು. "ಗಮಲಿಯೇಲಪ್ಪನಿಗೆ ಏನು ಶಿಕ್ಷೆ, ನೀವೇ ಹೇಳಿ ತಾಯಿ" ಎಂದರು.

ದೊರ್ಕಮ್ಮ ನೆನೆದ ಅಂಗಿಗಳ ರಾಶಿ ನೋಡಿದಳು. "ಇಷ್ಟನ್ನು ಒಗೆಯಲು ನನ್ನೊಬ್ಬಳಿಂದ ಆಗದು ಪ್ರಭು. ಬಣ್ಣ ಹಾಕುವವರಿಗೆ ಕಲೆ ತೆಗೆಯುವುದೂ ಗೊತ್ತು. ಇನ್ನು ಮೇಲೆ ಹಿರಿಯರು ನನ್ನ ಜೊತೆ ಒಗೆಯಲಿ. ಆದರೆ ಮೊದಲು ಕೈ ತೊಳೆದುಕೊಂಡು ಬರಲಿ."

ಗಮಲಿಯೇಲಪ್ಪ ಒಗೆದ. ಮೊದಲ ವರ್ಷ ಗೊಣಗುತ್ತ ಒಗೆದ, ಎರಡನೆಯ ವರ್ಷ ಸುಮ್ಮನೆ ಒಗೆದ, ಮೂರನೆಯ ವರ್ಷ ಬರಮನ ತಮಟೆಗೆ ಸರಿಯಾಗಿ ಬಟ್ಟೆ ಕುಕ್ಕುತ್ತ ಒಗೆದ. ಅಷ್ಟು ಹೊತ್ತಿಗೆ ಅವನ ಕೈಯ ನೀಲಿಯೂ ಹೋಗಿತ್ತು.

ಮಕ್ಕಳೇ, ನೀತಿ ಇದು, ಚೆನ್ನಾಗಿ ನೆನಪಿಡಿ. ಹಿರಿಯರು ನಮಗೆ ಬಿಟ್ಟುಹೋದದ್ದನ್ನು ಶುಭ್ರವಾಗಿ ಕಾಪಾಡಬೇಕು. ಆದರೆ ಬಾಗಿಲಿಗೆ ಬಂದವರ ಅಳತೆಗೆ ಅದನ್ನು ಬಿಚ್ಚಿಕೊಡಲು ಅಂಜಬಾರದು. ಬಂದವರನ್ನು ಹೊರಗೆ ನಿಲ್ಲಿಸುವ ಸಭೆ ಸವೆಯುತ್ತದೆ, ಒಳಗೆ ಕರೆಯುವ ಸಭೆ ಬಾಳುತ್ತದೆ.

ಸರಿ, ಈಗ ಎದ್ದು ಕೈ ತೊಳೆದುಕೊಳ್ಳಿ. ಊಟದ ಗಂಟೆಯಾಯಿತು.