ಯಾರ ಪಟ ಅವರಿಗೆ

ಹೂಂಗುಟ್ಟೋರು ಹೂಂಗುಟ್ಟಿ, ನಗೋರು ತಡ್ಕೊಂಡು ನಗಿ. ಮಾಯಿಗ ಅಂತ ಒಬ್ಬ ಇದ್ದ. ಆಳು ನೋಡಿದ್ರೆ ಬಾಗಿಲೆತ್ತರ, ಬುದ್ಧಿ ನೋಡಿದ್ರೆ ಹೊಸ್ತಿಲೆತ್ತರ. ಅವನವ್ವ ದ್ಯಾವಮ್ಮ ಬೈದೂ ಬೈದೂ ಸೋತಿದ್ಳು. ಮಗ ಹೇಳಿದ್ದು ಮಾಡಲ್ಲ ಅಂತಲ್ಲ, ಹೇಳಿದ್ದನ್ನೇ ಮಾಡ್ತಾನೆ ಅಂತ!

ಪದ್ಮಿನಿ ಮೇಡಮ್ಮು ಅನ್ನೋರು ಆ ಊರಿನ ಜನರದ್ದು, ಜಾಗದ್ದು ಫೋಟೋ ತೆಗೆದು ಸಮುದಾಯ ಭವನದ ಗೋಡೆ ತುಂಬ ತೂಗುಹಾಕಿದ್ರು. ಪಟ ಕಾಯೋಕೆ ಮಾಯಿಗನ್ನ ಕರೆದ್ರು. ಚೆನ್ನಾಗಿ ಮಾಡಿದ್ರೆ ಕಾಯಂ ಕೆಲಸ ಅಂದ್ರು. ದ್ಯಾವಮ್ಮಂಗೆ ಹಿಡಿಸಲಾರದಷ್ಟು ಖುಷಿ.

"ನೋಡಪ್ಪ, ಹಿರೀಕರು ಕಂಡ್ರೆ ಕಾಲಿಗೆ ಬೀಳು."

ಹೋದ. ಗೋಡೆ ಮೇಲೆ ಪಟೇಲರ ಪಟ. ತಲೆ ಇದೆ, ಮೀಸೆ ಇದೆ, ಕಾಲೇ ಇಲ್ಲ! ಪಟ ಇಳಿಸಿ ಹಿಂದೆ ನೋಡಿದ. ಇಲ್ಲ. ಚೌಕಟ್ಟು ಬಿಚ್ಚಿ ನೋಡಿದ. ಇಲ್ಲ. "ಪಟೇಲ್ರೇ, ಕಾಲೆಲ್ಲಿ ಬಚ್ಚಿಟ್ರಿ?" ಅಂತ ಕೂಗಿದ.

ಸುದ್ದಿ ಕೇಳಿ ದ್ಯಾವಮ್ಮ ತಲೆ ಚಚ್ಕೊಂಡ್ಳು. "ಅಯ್ಯೋ ಪೆದ್ದ! ಅದು ಪಟ ಕಣೋ! ಜನ ನೋಡ್ತಾ ನಿಂತಾಗ ಪಕ್ಕದಲ್ಲಿ ನಿಂತು, 'ಆಹಾ, ಎಷ್ಟು ಚೆನ್ನಾಗೈತೆ' ಅನ್ನು!"

"ಹೂಂ ಕಣವ್ವ."

ಮಾರನೇ ದಿನ ಶಿವಲಿಂಗಾಚಾರಿ ಬಂದ. ಗಾಳಿಮಳೆಗೆ ಕುಸಿದ ಅವನ ಮನೆಯದೇ ಪಟ ಅಲ್ಲಿತ್ತು. ನೋಡ್ತಾ ನೋಡ್ತಾ ಕಣ್ಣು ತುಂಬಿಕೊಂಡ. ಮಾಯಿಗ ಪಕ್ಕಕ್ಕೆ ಹೋಗಿ, "ಆಹಾ! ಎಷ್ಟು ಚೆನ್ನಾಗೈತೆ! ಒಂದು ಗೋಡೆನೂ ಉಳಿದಿಲ್ಲ!" ಅಂದ.

ಆಚಾರಿ ಮಾಯಿಗನ ಮನೆ ತನಕ ಬೈಕೊಂಡೇ ಬಂದ.

"ಅಯ್ಯೋ ದಡ್ಡ!" ಅಂದ್ಳು ಅವ್ವ. "ಕಣ್ಣಲ್ಲಿ ನೀರಿದ್ರೆ, 'ಅಯ್ಯೋ ಪಾಪ, ಆಗಿದ್ದು ಆಗೋಯ್ತು, ಧೈರ್ಯ ತಂದ್ಕೊಳಿ' ಅನ್ನಬೇಕು!"

"ಹೂಂ ಕಣವ್ವ."

ಅದರ ಮಾರನೇ ದಿನ ಹೊಸ ಗಂಡ ಹೆಂಡತಿ ತಮ್ಮ ಧಾರೆಯ ಪಟ ನೋಡೋಕೆ ಬಂದ್ರು. ಹುಡುಗಿಗೆ ಖುಷಿಗೆ ಕಣ್ಣು ತೇವ ಆಯ್ತು. ಮಾಯಿಗ ಓಡಿ ಬಂದ. ಹುಡುಗನ ಬೆನ್ನು ಸವರಿ, "ಅಯ್ಯೋ ಪಾಪ! ಆಗಿದ್ದು ಆಗೋಯ್ತು! ಧೈರ್ಯ ತಂದ್ಕೊಳಿ!" ಅಂದ.

ಮದುಮಗ ಕೆಂಡ. ಮದುಮಗಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮೇಡಮ್ಮು, "ಇನ್ನೊಂದು ಸಲ ಹೀಗಾದ್ರೆ ಕೆಲಸ ಇಲ್ಲ" ಅಂದ್ರು. ಅವ್ವ, "ಇನ್ನು ಬಾಯೇ ಬಿಡಬೇಡ! ಮೇಡಮ್ಮು ಹೇಳಿದಷ್ಟು ಮಾಡು!" ಅಂದ್ಳು. ಮಾಯಿಗ ಹೂಂ ಅನ್ನಲಿಲ್ಲ. ಆಗಲೇ ಬಾಯಿ ಮುಚ್ಚಿದ್ದ.

ಪ್ರದರ್ಶನ ಮುಗೀತು. ಮೇಡಮ್ಮು, "ಯಾರ ಪಟ ಅವರಿಗೆ ಕೊಟ್ಟುಬಿಡು" ಅಂದ್ರು. ಮಾಯಿಗ ಪಟಗಳನ್ನ ತಲೆ ಮೇಲೆ ಹೊತ್ತು ಹೊರಟ. ಪಟೇಲರದ್ದು ಪಟೇಲರಿಗೆ. ಮದುವೆಯದ್ದು ಮದುಮಕ್ಕಳಿಗೆ. ಎಮ್ಮೆ ಪಟ ಎಮ್ಮೆಗೆ; ಅದು ನೆಕ್ಕಿ ನೋಡಿ, ರುಚಿಯಿಲ್ಲ ಅಂತ ಬಿಡ್ತು. ಬಾವಿ ಪಟ ಬಾವಿಗೆ, ಗುಳುಂ!

ಕೊನೆಗೆ ಕೈಯಲ್ಲಿ ಉಳಿದದ್ದು ಅವ್ವನ ಪಟ. ರೊಟ್ಟಿ ತಟ್ಟುತ್ತಾ ಬಾಯಿತುಂಬ ನಗ್ತಿರೋ ದ್ಯಾವಮ್ಮ! ಮನೆಗೆ ಬಂದ. ಬಾವಿಯ ಸುದ್ದಿ ಮೊದಲೇ ಬಂದಿತ್ತು. ಅವ್ವ ಸೌಟು ಹಿಡಿದು ಒಂದೇ ಸಮ ಬೈತಿದ್ಳು. ಮಾಯಿಗ ಪಟ ನೋಡಿದ, ಅವಳ ಮುಖ ನೋಡಿದ. ತಲೆ ಆಡಿಸಿ ಆಚೆಗೆ ನಡೆದ.

"ಎಲ್ಲಿಗೋ? ನಂದು ನಂಗೆ ಕೊಡೋ! ಬಾಯಿ ಬಿಟ್ಟು ಹೇಳೋ!"

ಬಾಯಿ ಬಿಡು ಅಂದ್ಳಲ್ಲ, ಬಿಟ್ಟ. "ಇವಳು ನಗ್ತಾವ್ಳೆ. ನೀನು ಬೈತಿದ್ದೀಯ. ಬೇರೆಯೋರ ಪಟ ನಿಂಗೆ ಕೊಟ್ರೆ ಕೆಲಸ ಹೋಯ್ತದೆ ತಾಯಿ!" ಅಂದವನೇ ಬೀದಿಗಿಳಿದು, ಮನೆಮನೆ ಬಾಗಿಲು ತಟ್ಟಿ, "ನಮ್ಮವ್ವ ಇಲ್ಲಿಗೇನಾದ್ರೂ ಬಂದ್ಳಾ?" ಅಂತ ಕೇಳ್ತಾ ಹೊರಟ.

ಹಿಂದೆ ಓಡಿ ಬಂದ ದ್ಯಾವಮ್ಮಂಗೆ ತಡೀಲಾರದೆ ನಗು ಬಂತು. ಹೊಟ್ಟೆ ಹಿಡ್ಕೊಂಡು ನಕ್ಕಳು. ಬೀದಿಯೇ ನಕ್ಕಿತು. ಕೆಲಸ ಬಿಡಿಸೋಕೆ ಅಂತ ಬಂದಿದ್ದ ಮೇಡಮ್ಮು ಕೂಡ ನಕ್ಕು, "ನಾಳೆ ಬಾರಪ್ಪ, ನಿನ್ನ ಬಿಟ್ಟು ನಾನೆಲ್ಲಿಗೆ ಹೋಗಲಿ" ಅಂದ್ರು.

ಮಾಯಿಗ ಓಡಿ ಬಂದು ಪಟವನ್ನ ಅವ್ವನ ಕೈಗಿಟ್ಟ. ಆಮೇಲೆ ಕಿವಿ ಹತ್ರ ಬಗ್ಗಿ ಗುಟ್ಟಾಗಿ ಹೇಳಿದ:

"ಅವ್ವಾ, ಹುಷಾರು! ನಮ್ಮನೇಲಿ ಯಾವಳೋ ಸೌಟು ಹಿಡ್ಕೊಂಡು ನಿಂತವ್ಳೆ!"