ಒನ್ಸ್ ಮೋರ್ ಕೇಳಿದ ರಟ್ಟಿನ ಕತ್ತಿ

ನಾಟಕ ಕಂಪನಿಯೊಂದರಲ್ಲಿ ಬೆಳ್ಳಿಯಂತೆ ಹೊಳೆಯುವ ಬೇಗಡೆ ಸುತ್ತಿದ ಒಂದು ರಟ್ಟಿನ ಕತ್ತಿ ಇತ್ತು. ದಿನವೂ ರಾಜಕುಮಾರನ ಕೈಯೇರಿ ರಾಕ್ಷಸನನ್ನು ಕೊಂದೂ ಕೊಂದೂ, ತಾನು ಉಕ್ಕೇ ಎಂದು ಅದು ನಂಬಿಬಿಟ್ಟಿತ್ತು ನೋಡಿ! ಅವತ್ತೂ ಬೀಸಿತು, ರಾಕ್ಷಸ ವೇಷದ ಗದಿಗೆಪ್ಪ ಅಬ್ಬರಿಸಿ ಸತ್ತುಬಿದ್ದ. ಜನ ಬಿಡಬೇಕಲ್ಲ! "ಒನ್ಸ್ ಮೋರ್! ಒನ್ಸ್ ಮೋರ್!" ಎಂದು ಕೂಗಿದರು. ಸತ್ತ ಗದಿಗೆಪ್ಪ ಮೀಸೆ ಸರಿಮಾಡಿಕೊಂಡು ಎದ್ದು ನಿಂತ, ಇನ್ನೊಮ್ಮೆ ಸಾಯಲು.

ಕತ್ತಿ ಹಿರಿಹಿರಿ ಹಿಗ್ಗಿತು. "ಕೇಳಿದೆಯಾ ಗದೆಯಣ್ಣ? ನನಗಾಗಿ ಊರೇ ಕೂಗುತ್ತಿದೆ! ಈ ಸಲ ನಿನ್ನ ಒಡೆಯನನ್ನು ಎರಡು ಹೋಳು ಮಾಡುತ್ತೇನೆ."

ರಾಕ್ಷಸನ ಕೈಯಲ್ಲಿದ್ದ ಗದೆಯೊಳಗೆ ಬರೀ ಹತ್ತಿ. ಅದು ನಕ್ಕು ಹೇಳಿತು: "ತಮ್ಮಾ, ನೀನು ಯಾವಾಗಲೂ ಗೇಣು ದೂರದಲ್ಲೇ ನಿಲ್ಲುತ್ತೀಯೆ. ಅವನು ತಾನಾಗಿ ಬೀಳುತ್ತಾನೆ. ತಾಗಿದೆಯೋ, ಕೆಟ್ಟೆ!"

"ಹತ್ತಿಹೊಟ್ಟೆಯವನೇ, ಉಕ್ಕಿಗೆ ಬುದ್ಧಿ ಹೇಳುತ್ತೀಯಾ?" ಎಂದ ಕತ್ತಿ ರಾಜಕುಮಾರನ ಕೈಯನ್ನೇ ಎಳೆದುಕೊಂಡು ಹಾರಿ, ಗದಿಗೆಪ್ಪನ ತಗಡಿನ ಎದೆಕವಚಕ್ಕೆ ಅಪ್ಪಳಿಸಿತು. ಪಟ್! ನಡುವಿಗೇ ಮುರಿದು, ಹಿಡಿಯೂ ಕೈಜಾರಿ ನೆಲಕ್ಕೆ ಬಿತ್ತು. ಗದಿಗೆಪ್ಪನಿಗೆ ಕಚಗುಳಿಯೂ ಆಗಲಿಲ್ಲ.

"ಅಯ್ಯೋ, ನಾನಿಲ್ಲದೆ ಇನ್ನು ರಾಕ್ಷಸ ಸಾಯುವುದು ಹೇಗೆ?" ಎಂದು ಕತ್ತಿ ಬಿದ್ದಲ್ಲಿಂದಲೇ ಗೋಳಾಡಿತು.

ರಾಜಕುಮಾರ ಬರಿಗೈ ಎತ್ತಿ ಗಾಳಿಯಲ್ಲಿ ಒಮ್ಮೆ ಬೀಸಿದ. ಗದಿಗೆಪ್ಪ ಮೊದಲಿಗಿಂತ ಜೋರಾಗಿ ಅಬ್ಬರಿಸಿ, ಗಿರ್ರನೆ ಸುತ್ತು ತಿರುಗಿ, ಆ ಕತ್ತಿಯ ಮೇಲೆಯೇ ದೊಪ್ಪನೆ ಬಿದ್ದು ಸತ್ತ. ಅಬ್ಬಾ, ಆ ಚಪ್ಪಾಳೆ!